ಕೆಟ್ಟ ಗೀಸರ್‌ನ ನಾಡಿ ಹಿಡಿಯುವವರು

ಮಾಗಿಯ ಚಳಿ ಶುರುವಾಯಿತೆಂದರೆ ಬೆಂಗಳೂರಿನ ಗೀಸರ್ ರಿಪೇರಿಯವರಿಗೆ ಪುರುಸೊತ್ತಿರುವುದಿಲ್ಲ. ಬೇಸಿಗೆಯಿಡೀ ಸುಮ್ಮನಿದ್ದ ಗೀಸರ್ ಹಾಕಿ ಅರ್ಧ ಗಂಟೆ ಕಾದರೂ ನಲ್ಲಿಯಲ್ಲಿ ತಣ್ಣೀರೇ ಬರುತ್ತದೆ. ಬಚ್ಚಲಲ್ಲಿ ಹಂಡೆ, ಒಲೆ ಇದ್ದಾಗ ಏನು ಕೆಟ್ಟರೂ ಕಣ್ಣಿಗೆ ಕಾಣುತ್ತಿತ್ತು. ಗೀಸರ್‌ನ ಒಳಗೆ ಏನಾಯಿತೆಂದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಹಾಗಾಗಿ ‘ಹಳೇದಾಯ್ತಲ್ಲ, ಹೊಸದೇ ತಂದ್ಬಿಡೋಣ’ ಎಂಬ ಮಾತು ಮನೆಯಲ್ಲಿ ಬೇಗ ಬಂದುಬಿಡುತ್ತದೆ. ಆದರೆ ಟ್ಯಾಂಕ್ ಸೋರದಿದ್ದರೆ, ಕೆಟ್ಟಿರುವುದು ಹೆಚ್ಚಾಗಿ ಬದಲಾಯಿಸಬಹುದಾದ ಯಾವುದೋ ಒಂದು ಭಾಗ. ಅದು ಯಾವುದು, ಯಾಕೆ ಕೆಟ್ಟಿತು ಎಂದು ಕ್ರಮವಾಗಿ ಹುಡುಕುವುದೇ ಈ ಕಸುಬು.

ಮನೆಗಳಲ್ಲಿ ಸಾಮಾನ್ಯವಾಗಿರುವ 15 ಅಥವಾ 25 ಲೀಟರ್ ಗೀಸರ್‌ನಲ್ಲಿ ಕರೆಂಟಿಗೆ ಸಂಬಂಧಿಸಿದ ಮುಖ್ಯ ಭಾಗಗಳು ಮೂರು. ನೀರು ಕಾಯಿಸುವ ಕಾಯಿಲ್, ಅದು ಬಹುಪಾಲು 2,000 ವ್ಯಾಟ್‌ನದು. ನೀರು ಹದಕ್ಕೆ ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್. ಎಲ್ಲ ಸರಿಯಿದ್ದರೆ 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಲು ಸುಮಾರು 20 ನಿಮಿಷ ಸಾಕು. ಆ ಹೊತ್ತಿನಲ್ಲಿ ಎಂಟರಿಂದ ಒಂಬತ್ತು ಆಂಪಿಯರ್ ಕರೆಂಟ್ ಹರಿಯುತ್ತಿರುತ್ತದೆ. ದಾರಿಯಲ್ಲಿ ಒಂದು ಸ್ಕ್ರೂ ಸಡಿಲವಾಗಿದ್ದರೂ ಅಲ್ಲಿ ಬಿಸಿ ಹುಟ್ಟಿ, ತಂತಿ ಕಪ್ಪಾಗಿ, ಕೊನೆಗೆ ಸಂಪರ್ಕವೇ ಕಡಿಯುತ್ತದೆ.

ಅದಕ್ಕೇ ಕೆಲಸ ಬಲ್ಲವರು ಬಂದ ಕೂಡಲೇ ಗೀಸರ್ ಬಿಚ್ಚುವುದಿಲ್ಲ. ಮೊದಲು ಎಂಸಿಬಿ ನೋಡುತ್ತಾರೆ, ಆಮೇಲೆ 16 ಆಂಪಿಯರ್ ಪ್ಲಗ್ಗನ್ನು ಕಳಚಿ ಪಿನ್ನಿನ ಬುಡ ಕಂದಾಗಿದೆಯೇ ಎಂದು ನೋಡುತ್ತಾರೆ. ಗೀಸರ್ ಹಾಕಿದೊಡನೆ ಎಂಸಿಬಿ ಬೀಳುತ್ತಿದ್ದರೆ ಎಲ್ಲೋ ಶಾರ್ಟ್ ಆಗಿರಬಹುದು. ಆರ್‌ಸಿಸಿಬಿ ಬೀಳುತ್ತಿದ್ದರೆ ಕರೆಂಟ್ ಗೀಸರ್‌ನ ಲೋಹದ ಮೈಗೆ ಲೀಕ್ ಆಗುತ್ತಿರಬಹುದು. ಯಾವುದೂ ಬೀಳದೆ ನೀರು ಮಾತ್ರ ತಣ್ಣಗಿದ್ದರೆ, ಕರೆಂಟ್ ಹೋಗುವ ದಾರಿ ಎಲ್ಲೋ ಕಡಿದಿದೆ. ಇಲ್ಲಿ ಟೆಸ್ಟರ್ ಒಂದನ್ನೇ ನಂಬಿದರೆ ದಾರಿ ತಪ್ಪುವ ಭಯವೂ ಇದೆ. ನ್ಯೂಟ್ರಲ್ ಕಡಿದಿದ್ದಾಗ ಕಾಯಿಲ್‌ನ ಎರಡೂ ತುದಿಗಳಲ್ಲಿ ಟೆಸ್ಟರ್ ಹೊತ್ತುತ್ತದೆ. ಕರೆಂಟ್ ಬರುತ್ತಿದೆ, ಕಾಯಿಲ್ಲೇ ಹೋಗಿದೆ ಎಂದುಕೊಂಡು ಚೆನ್ನಾಗಿರುವ ಕಾಯಿಲ್ ಬದಲಾಯಿಸುವುದು ಇಂಥ ಕಡೆಯೇ.

ಹಳಬರ ಚೀಲದಲ್ಲಿ ಈಗಲೂ ಒಂದು ಸೀರೀಸ್ ಲ್ಯಾಂಪ್ ಇರುತ್ತದೆ. ಹೋಲ್ಡರ್‌ನಲ್ಲಿ 100 ವ್ಯಾಟ್‌ನ ಹಳೆಯ ಬಲ್ಬ್, ಅದರಿಂದ ಹೊರಟ ಎರಡು ವೈರು. ಗೀಸರ್‌ನ ಕರೆಂಟ್ ಆಫ್ ಮಾಡಿ, ಕಾಯಿಲ್‌ಗೆ ಬರುವ ತಂತಿಗಳನ್ನು ಬಿಡಿಸಿ, ಈ ಎರಡು ವೈರುಗಳನ್ನು ಕಾಯಿಲ್‌ನ ಎರಡು ತುದಿಗೆ ಸಿಕ್ಕಿಸಿ, ಲ್ಯಾಂಪ್‌ಗೆ ಬೇರೆ ಪ್ಲಗ್‌ನಿಂದ ಕರೆಂಟ್ ಕೊಡುತ್ತಾರೆ. ಬಲ್ಬ್ ಹೆಚ್ಚುಕಡಿಮೆ ಪೂರ್ತಿ ಉರಿದರೆ ಕಾಯಿಲ್ ಕಡಿದಿಲ್ಲ. ಉರಿಯದಿದ್ದರೆ ಅದರ ಕಥೆ ಮುಗಿಯಿತು. ಅಲ್ಲಿಗೇ ನಿಲ್ಲಿಸದೆ ಒಂದು ವೈರನ್ನು ಕಾಯಿಲ್‌ನ ತುದಿಯಲ್ಲೇ ಬಿಟ್ಟು, ಇನ್ನೊಂದನ್ನು ಟ್ಯಾಂಕಿನ ಲೋಹಕ್ಕೆ ಮುಟ್ಟಿಸುತ್ತಾರೆ. ಈಗ ಬಲ್ಬ್ ಉರಿಯಕೂಡದು. ಮಂಕಾಗಿ ಹೊತ್ತಿದರೂ ಆ ಕಾಯಿಲ್ ನೀರು ಕಾಯಿಸುತ್ತಲೇ ಮನೆಯವರಿಗೆ ಶಾಕ್ ಹೊಡೆಸಬಲ್ಲದು ಎಂದೇ ಅರ್ಥ. ಮೀಟರ್ ಬಳಸುವವರು ಓಮ್ ಅಳೆಯುತ್ತಾರೆ: 230 ವೋಲ್ಟ್, 2,000 ವ್ಯಾಟ್‌ನ ಕಾಯಿಲ್ ಆದರೆ ಸುಮಾರು 26 ಓಮ್ ಬರಬೇಕು. ಬಲ್ಬಿಗೆ ಸಿಗದಷ್ಟು ಸಣ್ಣ ಲೀಕೇಜ್ ಪತ್ತೆಗೆ ಮೆಗ್ಗರ್ ಬೇಕು. ಇವೆಲ್ಲ ಪಳಗಿದ ಕೈಗಳ ಕೆಲಸ, ಮನೆಯವರು ಮಾಡಿ ನೋಡುವಂಥದ್ದಲ್ಲ.

ಕಾಯಿಲ್ ಚೆನ್ನಾಗಿದ್ದೂ ನೀರು ಕಾಯದಿದ್ದರೆ ಮುಂದಿನ ಅನುಮಾನ ಥರ್ಮೋಸ್ಟಾಟ್ ಮತ್ತು ಕಟ್‌ಔಟ್ ಮೇಲೆ. ಕೆಲವು ಮಾಡೆಲ್‌ಗಳ ಕಟ್‌ಔಟ್‌ನಲ್ಲಿ ಪುಟ್ಟ ಬಟನ್ ಇರುತ್ತದೆ, ಒತ್ತಿದರೆ ಟಕ್ ಎಂದು ಕೂತು ಗೀಸರ್ ಮತ್ತೆ ಶುರುವಾಗುತ್ತದೆ. ಆದರೆ ಕಟ್‌ಔಟ್ ಸುಮ್ಮನೆ ಬೀಳುವುದಿಲ್ಲ. ಥರ್ಮೋಸ್ಟಾಟ್‌ನ ಪಾಯಿಂಟ್‌ಗಳು ಅಂಟಿಕೊಂಡು ನೀರು ಕುದಿಯುವ ಹಂತಕ್ಕೆ ಹೋಗಿತ್ತೇ, ಟ್ಯಾಂಕಿನಲ್ಲಿ ನೀರಿಲ್ಲದೆ ಕಾಯಿಲ್ ಬರಿದೇ ಕಾದಿತ್ತೇ ಎಂದು ವಿಚಾರಿಸಿ ತಿಳಿಯಬೇಕು. ಕಟ್‌ಔಟನ್ನು ತಪ್ಪಿಸಿ ‘ಡೈರೆಕ್ಟ್’ ಕೊಟ್ಟು ಹೋಗುವವರೂ ಇದ್ದಾರೆ. ಅದನ್ನು ರಿಪೇರಿ ಎನ್ನಬಾರದು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಕುದಿಯುವ ನೀರನ್ನೂ ಉಗಿಯ ಒತ್ತಡವನ್ನೂ ತಡೆಯಲು ಸೇಫ್ಟಿ ವಾಲ್ವ್ ಒಂದೇ ಉಳಿದಿರುತ್ತದೆ, ಅದೂ ಉಪ್ಪು ಕಟ್ಟಿ ಕೂತಿದ್ದರೆ ಟ್ಯಾಂಕ್ ಸಿಡಿಯಬಹುದು.

ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಕಾಯಿಲ್ ಸುಡಲು ದೊಡ್ಡ ಕಾರಣ ಉಪ್ಪು ಕಟ್ಟುವುದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಕಾಯಿಲ್ ಮೇಲೆ ಪದರಗಟ್ಟುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ಲೇ ಕಾದು ಸುಡುತ್ತದೆ. ಕೆಡುವ ಮುಂಚೆ ಗೀಸರ್ ಸೂಚನೆ ಕೊಟ್ಟೇ ಇರುತ್ತದೆ: ನೀರು ಕಾಯಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ, ಒಳಗಿನಿಂದ ಚಟಚಟ ಸದ್ದು ಬರುತ್ತದೆ. ಆಗಲೇ ಕರೆಸಿದರೆ ಟ್ಯಾಂಕ್ ಖಾಲಿ ಮಾಡಿ, ಕಾಯಿಲ್ ಕೂತಿರುವ ಫ್ಲ್ಯಾಂಜ್ ಬಿಚ್ಚಿ, ಉಪ್ಪು ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕೊಡುತ್ತಾರೆ. ಮೆಗ್ನೀಷಿಯಂ ರಾಡನ್ನೂ ಆಗಲೇ ನೋಡಿಸಬೇಕು. ಟ್ಯಾಂಕಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಈ ರಾಡ್ ತಾನೇ ಸವೆಯುತ್ತದೆ. ನಡುವಿನ ತಂತಿಯಷ್ಟೇ ಉಳಿದಿದ್ದರೆ ಬದಲಾಯಿಸದೆ ಬಿಡಬಾರದು. ಈ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ.

ಸೋರಿಕೆಯನ್ನೂ ವಿಂಗಡಿಸಿ ನೋಡಬೇಕು. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. 15 ಲೀಟರ್ ನೀರು 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ, ಆ ನೀರು ಹೊರಗೆ ಬರಲೇಬೇಕು. ಫ್ಲ್ಯಾಂಜ್ ಸುತ್ತ ಒಸರಿದರೆ ಗ್ಯಾಸ್ಕೆಟ್ ಸಾಕು. ಟ್ಯಾಂಕೇ ತೂತಾಗಿದ್ದರೆ ಮಾತ್ರ ಹೊಸದಕ್ಕೆ ದುಡ್ಡು ಹಾಕುವುದು ಸರಿ.

ರಿಪೇರಿಯವರು ಬರುವ ಮೊದಲು ನಾವು ನೋಡಬಹುದಾದ್ದು ಇಷ್ಟು: ಎಂಸಿಬಿ ಬಿದ್ದಿದೆಯೇ, ಪ್ಲಗ್ ಸುಟ್ಟ ವಾಸನೆ ಇದೆಯೇ, ಮೇಲಿನ ಟ್ಯಾಂಕಿನಲ್ಲಿ ನೀರಿದೆಯೇ. ಕೆಲಸ ಮುಗಿದ ಮೇಲೆ ಹಳೆಯ ಭಾಗವನ್ನು ಕೈಗೆ ಕೇಳಿ ತೆಗೆದುಕೊಂಡು ‘ಇದು ಯಾಕೆ ಹೋಯ್ತು?’ ಎಂದು ಕೇಳಬೇಕು. ಒಳ್ಳೆಯ ಕೆಲಸಗಾರರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಅವರ ವಿದ್ಯೆ ಇರುವುದೇ ಆ ಉತ್ತರದಲ್ಲಿ. ಅವರಿಗೆ ಕೊಡುವ ಕೂಲಿ ಆ ಉತ್ತರಕ್ಕೂ ಸೇರಿದ್ದು. ಸಡಿಲ ಪ್ಲಗ್, ಗಡಸು ನೀರು ಹಾಗೇ ಉಳಿದರೆ, ಹಳೆಯ ಗೀಸರನ್ನು ಕೆಡಿಸಿದ ಕಾರಣವೇ ಹೊಸದನ್ನೂ ಕೆಡಿಸುತ್ತದೆ.