ಗುಡಾರಕ್ಕೂ ಬೇಕು ಸೊಳ್ಳೆ ಪರದೆಯ ಬಾಗಿಲು

ಸುಗ್ಗಿ ಮುಗಿದ ಮೇಲೆ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ಎರೆಹೊಲಗಳಲ್ಲಿ ಕುರಿ ತರುಬುತ್ತಾರೆ. ಹೊಲಕ್ಕೆ ಹಿಕ್ಕೆಯ ಗೊಬ್ಬರ, ಕುರಿಗಾರರಿಗೆ ಕಾಳು ಇಲ್ಲವೇ ಹಣ. ಊರಿಂದೂರಿಗೆ ಸಾಗುವ ಈ ಕುಟುಂಬಗಳಿಗೆ ತಾಡಪತ್ರಿಯ ಗುಡಾರವೇ ಮನೆ. ಟೆಂಟ್ ಹೊತ್ತು ಚಾರಣಕ್ಕೆ ಹೋಗುವವರು ಒಂದು ರಾತ್ರಿ ಸೊಳ್ಳೆಕಾಟ ಸಹಿಸಿಯಾರು. ಕೂಸುಗಳೊಂದಿಗೆ ತಿಂಗಳುಗಟ್ಟಲೆ ಬಯಲಲ್ಲೇ ಮಲಗುವವರು ಹೇಗೆ ಸಹಿಸಬೇಕು?

ನುಗ್ಗುವ ದಾರಿ

ತಾಡಪತ್ರಿಯನ್ನು ತೂರಿ ಯಾವ ಹುಳವೂ ಒಳಗೆ ಬಾರದು. ತೆರೆದ ಎರಡು ಬಾಯಿ ಮತ್ತು ನೆಲದಂಚಿನ ಸಂದು, ಇವೇ ಅವುಗಳ ದಾರಿ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಜಾಡು ಹಿಡಿದು ಸೊಳ್ಳೆ ಬರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಡೆಂಗಿ ಹರಡುವ ಈಡಿಸ್ ಹಗಲಲ್ಲೇ ಕಚ್ಚುತ್ತದೆ. ಹಾಗಾಗಿ ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಬೇಕು.

ಹೊಲಿಯುವುದು ಹೀಗೆ

ಚದರ ಇಂಚಿಗೆ ಕನಿಷ್ಠ 156 ರಂಧ್ರಗಳಿರುವ ಬಲೆ ಸೊಳ್ಳೆಗೆ ಸಾಕು. ಅದಕ್ಕಿಂತ ಚಿಕ್ಕದಾದ ಮರಳುನೊಣ ಇದರಲ್ಲೂ ತೂರುತ್ತದೆ. ಅದನ್ನು ತಡೆಯಲು ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು, ಆದರೆ ಗಾಳಿ ಕಡಿಮೆಯಾಗಿ ಸೆಕೆ ಹೆಚ್ಚುತ್ತದೆ. ಬಾಗಿಲಿಗೆ ಎರಡು ಪರದೆ ಮಾಡಿ, ನಡುವೆ ಒಂದರ ಮೇಲೊಂದು ಮೊಳದಷ್ಟು ಕವಿಯುವಂತೆ ಹೊಲಿಯಿರಿ. ಆಗ ಜಿಪ್ಪಿನ ಖರ್ಚೂ ಉಳಿಯುತ್ತದೆ. ಪರದೆ ನೆಲಕ್ಕಿಂತ ಒಂದಡಿ ಉದ್ದವಿರಲಿ. ಕೆಳಗಿನ ಮಡಿಕೆಯಲ್ಲಿ ಮರಳು ತುಂಬಿದರೆ ಗಾಳಿಗೆ ಏಳದು. ಬಲೆಯನ್ನು ನೇರವಾಗಿ ತಾಡಪತ್ರಿಗೆ ಹೊಲಿದರೆ ಹರಿಯುತ್ತದೆ. ನಡುವೆ ಹಳೆಯ ಸೀರೆಯ ಅಂಚನ್ನು ಪಟ್ಟಿಯಾಗಿ ಕೊಡಬೇಕು. ನೆಲಹಾಸನ್ನು ನಾಲ್ಕೂ ಕಡೆ ಗೇಣುದ್ದ ಮೇಲಕ್ಕೆತ್ತಿ ಗುಡಾರದ ಗೋಡೆಗೆ ಸೇರಿಸಿ ಹೊಲಿದರೆ ಇರುವೆ, ಚೇಳು ಒಳಬರುವ ಸಂದೂ ಮುಚ್ಚುತ್ತದೆ.

ಎಚ್ಚರಿಕೆಗಳು

ಮುಚ್ಚಿದ ಗುಡಾರದೊಳಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದು, ಸೊಳ್ಳೆ ಬತ್ತಿ ಹಚ್ಚುವುದು ಬೇಡ. ಹೊಗೆ ಉಸಿರುಗಟ್ಟಿಸುತ್ತದೆ, ನೈಲಾನ್ ಬಲೆಗೆ ಕಿಡಿ ತಗುಲಿದರೆ ಅನಾಹುತ. ಪರ್ಮೆತ್ರಿನ್ ಲೇಪಿಸಿದ ಪರದೆ ತನ್ನ ಮೇಲೆ ಕೂತ ಸೊಳ್ಳೆಯನ್ನು ಕೊಲ್ಲುತ್ತದೆ, ಆದರೆ ಆ ಔಷಧ ಮೀನಿಗೂ ವಿಷ. ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಮಾಗಡಿ ಕೆರೆಯಲ್ಲಾಗಲಿ, ತುಂಗಭದ್ರೆಯಲ್ಲಾಗಲಿ ಅಂಥ ಪರದೆ ಒಗೆಯಬಾರದು. ಕಪ್ಪತಗುಡ್ಡ ವನ್ಯಜೀವಿಧಾಮವಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಬೇರೆಡೆ ಹೂಡುವಾಗ ನಿಂತ ನೀರಿನಿಂದ ದೂರ, ಗಾಳಿ ಆಡುವ ದಿಬ್ಬ ಆರಿಸಿ. ಬೀಸುಗಾಳಿಯಲ್ಲಿ ಸೊಳ್ಳೆ ಹಾರಲಾರದು.

ಇದಕ್ಕೆ ಬೇಕಾದದ್ದು ಕೆಲವು ಮೀಟರ್ ಬಲೆ ಮತ್ತು ದರ್ಜಿಯ ಅರ್ಧ ದಿನದ ಕೆಲಸ. ರೈತ ಬಂಧುಗಳೇ, ಈ ಸಲ ನಿಮ್ಮ ಹೊಲದಲ್ಲಿ ಕುರಿ ತರುಬಲು ಬಂದವರಿಗೆ ಕಾಳಿನ ಜೊತೆಗೆ ಒಂದು ಜೊತೆ ಪರದೆಯನ್ನೂ ಹೊಲಿಸಿಕೊಡಿ. ನಿಮ್ಮ ಭೂಮಿಯನ್ನು ಫಲವತ್ತಾಗಿಸುವವರ ಮಕ್ಕಳು ನೆಮ್ಮದಿಯಾಗಿ ಮಲಗಲಿ.