ಅಜ್ಜನ ಹೆಸರಿನ ಪಹಣಿ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಭೂಮಿಯ ಲೆಕ್ಕ ಒಂದು ಕಾಲಕ್ಕೆ ಬಯಲಿನಲ್ಲಿಯೇ ನಿಂತಿರುತ್ತಿತ್ತು. ಯಾರು ಯಾರಿಗೆ ಹೊಲಗದ್ದೆ ಬಿಟ್ಟರು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆದು ಎಲ್ಲರ ಕಣ್ಣಿಗೆ ಬೀಳುವಂತೆ ನೆಡುತ್ತಿದ್ದರು. ಈ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟವಾಗಿ ಅಚ್ಚುಮಾಡಿಸಿದರು. ಆಮೇಲಿನ ಕಾಗದದ ಲೆಕ್ಕವಾದರೋ ಶಾನುಭೋಗರ ಬಟ್ಟೆಯ ಗಂಟನ್ನು ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆ ರದ್ದುಮಾಡಿದಾಗ ಗಂಟು ಗ್ರಾಮಲೆಕ್ಕಿಗರ ಕೈಗೆ ಬಂದಿತು, ಬಿಚ್ಚಲಿಲ್ಲ.

ಅದನ್ನು ಬಿಚ್ಚಿದ್ದು ಕಂಪ್ಯೂಟರು. ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿ ಚದುರಿದ್ದ, 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ಪಹಣಿಗಳು 2000ದ ಆಚೀಚೆ ‘ಭೂಮಿ’ ಯೋಜನೆಯಲ್ಲಿ ಯಂತ್ರವನ್ನೇರಿದವು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ತೆತ್ತು ನಕಲು ಪಡೆಯಬೇಕಾಗಿತ್ತು. ಈಗ ಸರ್ಕಾರದ ಜಾಲತಾಣದಲ್ಲಿ ಪಹಣಿಯನ್ನು ನೋಡುವುದಕ್ಕೆ ಕಾಸಿನ ಖರ್ಚಿಲ್ಲ. ದೃಢೀಕರಿಸಿದ ಪ್ರತಿ ಬೇಕಾದರೆ ಮಾತ್ರ ಶುಲ್ಕ.

ಸಾಹಿತಿ ದೇವನೂರ ಮಹಾದೇವರಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು ನಂಜನಗೂಡು ತಾಲ್ಲೂಕಿನ ದೇವನೂರು. ಅಂಥ ಊರನ್ನು ಬಿಟ್ಟು ಬಂದು ಮೈಸೂರಿನಲ್ಲಿ ನೆಲೆಸಿದ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ‘ಊರಿನಲ್ಲಿ ನಮಗೂ ಜಮೀನುಂಟು’ ಎಂಬ ಮಾತು ಹಬ್ಬದ ಊಟದಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಕೈ ತೊಳೆದಾಗ ಮರೆತುಹೋಗುತ್ತದೆ. ಪೆಟ್ಟಿಗೆಯ ತಳದ ಹಳೆಯ ಕಂದಾಯದ ರಸೀತಿಯಲ್ಲಿ ಸರ್ವೆ ನಂಬರು ಸಿಕ್ಕಿದರೆ ಸಾಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ಆರಿಸಿ ನಂಬರು ಕೊಟ್ಟೊಡನೆ ಪಹಣಿ ಎದುರಿಗೆ ಬಂದು ನಿಲ್ಲುತ್ತದೆ.

ಅದನ್ನು ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ವಿಸ್ತೀರ್ಣ ಎಕರೆ, ಗುಂಟೆಗಳಲ್ಲಿರುತ್ತದೆ; 40 ಗುಂಟೆಗೆ ಒಂದು ಎಕರೆ. ಅದರಲ್ಲಿ ಸಾಗುವಳಿಗೆ ಬಾರದ ಖರಾಬನ್ನು ಕಳೆದು ಉಳಿದುದೇ ಲೆಕ್ಕದ ಜಮೀನು. ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಅದು ಬಂದ ಬಗೆ, ಹನ್ನೊಂದರಲ್ಲಿ ಸಾಲ ಮತ್ತು ಇತರರ ಹಕ್ಕು, ಹನ್ನೆರಡರಲ್ಲಿ ಸಾಗುವಳಿ ಮಾಡುವವರ ಹಾಗೂ ಬೆಳೆಯ ವಿವರ. ಎಷ್ಟೋ ಮನೆಗಳವರಿಗೆ ಒಂಬತ್ತನೆಯ ಕಲಮಿನಲ್ಲಿ ಕಾಣುವುದು ಎಂದೋ ತೀರಿಕೊಂಡ ಅಜ್ಜನ ಹೆಸರು! ಹನ್ನೆರಡರಲ್ಲಿ ಕಾಣುವ ಹೆಸರು ಕೆಲವೊಮ್ಮೆ ಮನೆಯವರು ಕೇಳಿಯೇ ಅರಿಯದುದು.

ಇಲ್ಲಿಯೇ ಎಚ್ಚರ ಬೇಕು. ಮನೆಯವರಿಗೆ ತೆರೆದಿರುವ ಪುಟ ದಲ್ಲಾಳಿಗೂ ತೆರೆದಿದೆ. ಕೈಗಾರಿಕೆಗಳು ಬೆಳೆದು ನೆಲಕ್ಕೆ ಬೆಲೆ ಬಂದಿರುವ ನಂಜನಗೂಡಿನಂಥ ಕಡೆ, ಅವನು ಅದನ್ನು ಮೊಮ್ಮಕ್ಕಳಿಗಿಂತ ಮೊದಲೇ ಓದಿರುತ್ತಾನೆ. 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ, ಸುಳ್ಳೆಂದು ರುಜುವಾಗುವವರೆಗೆ ಪಹಣಿಯ ನಮೂದು ನಿಜವೆಂದೇ ಭಾವಿಸಬೇಕು. ಪಹಣಿಯೊಂದೇ ಒಡೆತನದ ಪತ್ರವಲ್ಲವೆಂಬುದೂ ದಿಟ. ಆದರೆ ತಪ್ಪು ನಮೂದನ್ನು ಅಲ್ಲಗಳೆಯುವ ಹೊರೆ ಅಲಕ್ಷ್ಯ ಮಾಡಿದವರ ತಲೆಯ ಮೇಲೆಯೇ ಬೀಳುತ್ತದೆ.

ಅಜ್ಜನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದನ್ನು ಪೌತಿ ಖಾತೆ ಎನ್ನುತ್ತಾರೆ. ಮರಣಪತ್ರ, ವಂಶವೃಕ್ಷಗಳೊಡನೆ ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕೈಬಿಡುವ ಹಳೆಯ ಚಾಳಿ ಇನ್ನೂ ಉಂಟು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಮಗಳನ್ನು ಮೊದಲ ವರ್ಗದ ವಾರಸುದಾರಳೆಂದು ಒಪ್ಪಿತ್ತು. 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅಕ್ಕತಂಗಿಯರೂ ಪಹಣಿಯನ್ನು ತಾವೇ ತೆರೆದು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ತೆರೆಯ ಮೇಲೆ ಕಾಣದ ಹಳೆಯ ಕಾಗದಗಳಿಗೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು 150 ಪದಗಳನ್ನು ಮೀರಬಾರದು. ಮನೆತನದ ಕಷ್ಟಸುಖವನ್ನೆಲ್ಲ ತೋಡಿಕೊಳ್ಳುವವರು ಇಲ್ಲಿಯೇ ಎಡವುತ್ತಾರೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿಗೆ ಇಂಥ ವರ್ಷ ನಡೆದ ಖಾತೆ ಬದಲಾವಣೆಯ ದಾಖಲೆಯ ನಕಲು ಬೇಕು ಎಂದರೆ ಮುಗಿಯಿತು. ಏತಕ್ಕೆ ಬೇಕೆಂದು ಅರ್ಜಿದಾರರು ಕಾರಣ ಹೇಳಬೇಕಾಗಿಲ್ಲ.