ನಿಮಗಿದು ಗೊತ್ತೆ? ಕೆಜಿಎಫ್ ವಾರ್ಡಿನಲ್ಲಿ ಸೋಪಿನಷ್ಟೇ ಕಿಟಕಿಯೂ ಮುಖ್ಯ

ಆಸ್ಪತ್ರೆಯಲ್ಲಿ ಸೋಂಕು ತಡೆ ಎಂದರೆ ಮೊದಲು ನೆನಪಾಗುವುದು ಕೈ ತೊಳೆಯುವುದು. ಚಿನ್ನದ ಗಣಿಯ ಊರಾದ ಕೆಜಿಎಫ್, ಅದರ ಪಕ್ಕದ ಬಂಗಾರಪೇಟೆಯಂಥ ಕಡೆ ಅದಷ್ಟೇ ಸಾಲದು. ಚಿನ್ನದ ಗಣಿಯ ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. 1940ರಿಂದ 1946ರವರೆಗೆ ಇಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಶೇ 40ಕ್ಕೂ ಹೆಚ್ಚು ಕಾರ್ಮಿಕರಲ್ಲಿ ಅದು ಕಂಡಿತ್ತು. ರೋಗಾಣುವನ್ನು ನುಂಗಿ ಕೊಲ್ಲಬೇಕಾದ ಜೀವಕೋಶಗಳನ್ನೇ ಈ ದೂಳು ಕೆಡಿಸುವುದರಿಂದ ಅಂಥವರಲ್ಲಿ ಕ್ಷಯ ಸುಲಭವಾಗಿ ಬೇರೂರುತ್ತದೆ. ಕ್ಷಯ ಹರಡುವುದು ಗಾಳಿಯಲ್ಲಿ. ಅದಕ್ಕೆ ಸೋಪು ಅಡ್ಡಿಯಲ್ಲ.

ಗಣಿ 2001ರಲ್ಲೇ ಮುಚ್ಚಿತಲ್ಲ, ಈಗೇಕೆ ಈ ಮಾತು ಎನ್ನಬಹುದು. ಸಿಲಿಕೋಸಿಸ್ ದೂಳಿನ ಕೆಲಸ ಬಿಟ್ಟು ದಶಕಗಳಾದ ಮೇಲೂ ಕಾಣಿಸಿಕೊಳ್ಳಬಲ್ಲದು. ಕ್ಷಯದ ಅಪಾಯವೂ ಅದರ ಜೊತೆಗೇ ಉಳಿಯುತ್ತದೆ. ಹಾಗಾಗಿ ಹಳೇ ಗಣಿ ಕೆಮ್ಮೆಂದು ಬದಿಗಿಡದೆ, ದಾಖಲು ಮಾಡಿಕೊಳ್ಳುವಾಗಲೇ ನರ್ಸ್ ರೋಗಿಯ ಹಿಂದಿನ ಕೆಲಸ ಕೇಳಿ, ಮಾಸ್ಕ್ ಕೊಟ್ಟು, ಬೇರೆ ಕೂರಿಸಿ, ಕಫ ಪರೀಕ್ಷೆಗೆ ವೈದ್ಯರ ಗಮನ ಸೆಳೆಯಬೇಕು. ಸಿಬ್ಬಂದಿಯೇ ಕಡಿಮೆ, ಪುರುಸೊತ್ತೆಲ್ಲಿ ಎಂಬ ದೂರು ನಿಜವೇ. ಆದರೆ ಗಾಳಿಯಾಡುವಂತೆ ಎದುರುಬದುರು ಕಿಟಕಿ ತೆರೆದಿಡಲು ಹೆಚ್ಚುವರಿ ಕೈ ಬೇಕಿಲ್ಲ, ಚಳಿಗಾಲದಲ್ಲಿ ರೋಗಿಗಳ ಗೊಣಗಾಟ ಸಹಿಸಬೇಕಷ್ಟೆ. ಅಂದಹಾಗೆ, ಕೆಮ್ಮುವವರಿಗೆ ಸಾಮಾನ್ಯ ಮಾಸ್ಕ್ ಸಾಕು. ಆರೈಕೆ ಮಾಡುವ ನರ್ಸಿಗೆ ಬೇಕಿರುವುದು ಎನ್-95.